ಹ್ಯಾಸ್ಕೆಲ್ ಟೂಲ್ ಹೋಲಿಸುವವರ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಹೊಸ ಪ್ರಾಜೆಕ್ಟ್ ಬಿಲ್ಡ್ ಮಾಡಲು ಕಬಾಲ್ ಸಾಕೋ ಸ್ಟ್ಯಾಕ್ ಬೇಕೋ, ಎಡಿಟರ್‌ಗೆ ಏನು ಹಾಕಿಕೊಳ್ಳುವುದು, ಕೋಡ್ ಫಾರ್ಮ್ಯಾಟ್ ಮಾಡಲು ಯಾವುದು ಎಂದು ತೀರ್ಮಾನಿಸುವ ಮುಂಚೆ ತಂಡದವರೆಲ್ಲ ಇದನ್ನು ಓದಿ. ಇವೆಲ್ಲ ಓಪನ್ ಸೋರ್ಸ್, ದುಡ್ಡು ಕೊಡಬೇಕಿಲ್ಲ. ಆದರೆ ಅವಸರದಲ್ಲಿ ಆರಿಸಿಕೊಂಡರೆ ವರ್ಷಗಟ್ಟಲೆ ಅದರೊಂದಿಗೆ ಏಗಬೇಕಾಗುತ್ತದೆ.

ಮಾಡಬೇಕಾದ್ದು

ಮೊದಲು ಜಿಎಚ್‌ಸಿ ಕಂಪೈಲರ್‌ನ ಆವೃತ್ತಿ ಗೊತ್ತುಮಾಡಿ. ಉಳಿದದ್ದೆಲ್ಲ ಆಮೇಲೆ. ಎಡಿಟರ್‌ಗೆ ನೆರವಾಗುವ ಹ್ಯಾಸ್ಕೆಲ್ ಲ್ಯಾಂಗ್ವೇಜ್ ಸರ್ವರ್, ಅಂದರೆ ಎಚ್‌ಎಲ್‌ಎಸ್, ಪ್ರಾಜೆಕ್ಟಿನ ಜಿಎಚ್‌ಸಿ ಆವೃತ್ತಿಯಿಂದಲೇ ಕಂಪೈಲ್ ಆಗಿರಬೇಕು. ಮೊನ್ನೆ ತಾನೇ ಬಿಡುಗಡೆಯಾದ ಜಿಎಚ್‌ಸಿ ಹಾಕಿಕೊಂಡು ‘ಎಚ್‌ಎಲ್‌ಎಸ್ ಓಡುತ್ತಿಲ್ಲ’ ಎಂದು ಷರಾ ಬರೆಯುವುದು ಅನ್ಯಾಯ. ಇನ್‌ಸ್ಟಾಲರ್ ಆದ ಜಿಎಚ್‌ಸಿಅಪ್‌ನಲ್ಲಿ ‘ರೆಕಮೆಂಡೆಡ್’ ಎಂದು ಗುರುತಿರುವ ಆವೃತ್ತಿಗಳಿಂದ ಶುರುಮಾಡಿ.

ನಮ್ಮದೇ ಕೋಡ್ ಮೇಲೆ ಪರೀಕ್ಷಿಸಿ. ಹತ್ತು ಸಾಲಿನ ಉದಾಹರಣೆಯಲ್ಲಿ ಎಲ್ಲ ಟೂಲ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಟೆಂಪ್ಲೇಟ್ ಹ್ಯಾಸ್ಕೆಲ್ ತುಂಬಿರುವ ಮಾಡ್ಯೂಲ್ ತೆರೆದಾಗ ನಿಜ ಗೊತ್ತಾಗುತ್ತದೆ.

ಬಿಲ್ಡ್ ಸಮಯ ಅಳೆಯುವಾಗ ಎರಡೂ ಕಡೆ ಒಂದೇ ಸ್ಥಿತಿ ಇರಲಿ. ತಕ್ಕ ಜಿಎಚ್‌ಸಿ ಸಿಗದಿದ್ದರೆ ಸ್ಟ್ಯಾಕ್ ಅದನ್ನು ತಾನೇ ಡೌನ್‌ಲೋಡ್ ಮಾಡುತ್ತದೆ. ಆ ಹೊತ್ತನ್ನು ಲೆಕ್ಕದಿಂದ ಬಿಡಿ. ಕಬಾಲ್‌ನಲ್ಲಿ ‘ಡಿಸ್ಟ್-ನ್ಯೂಸ್ಟೈಲ್’ ಫೋಲ್ಡರ್ ಅಳಿಸಿದ ಮಾತ್ರಕ್ಕೆ ಎಲ್ಲವೂ ಮೊದಲಿಂದ ಬಿಲ್ಡ್ ಆಗುವುದಿಲ್ಲ. ಹ್ಯಾಸ್ಕೆಲ್ ಪ್ಯಾಕೇಜ್ ಭಂಡಾರವಾದ ಹ್ಯಾಕೇಜ್‌ನಿಂದ ತಂದ ಪ್ಯಾಕೇಜ್‌ಗಳು ಪ್ರಾಜೆಕ್ಟಿನ ಹೊರಗೆ, ಕಬಾಲ್‌ನ ಸ್ಟೋರ್‌ನಲ್ಲಿ ಹಾಗೇ ಉಳಿದಿರುತ್ತವೆ. ಸ್ಟ್ಯಾಕ್ ಕೂಡ ಸ್ನ್ಯಾಪ್‌ಶಾಟ್ ಪ್ಯಾಕೇಜ್‌ಗಳನ್ನು ಹೊರಗೇ ಇಟ್ಟುಕೊಳ್ಳುತ್ತದೆ. ಒಂದು ಕಡೆ ಆಪ್ಟಿಮೈಸೇಷನ್ ಆಫ್ ಮಾಡಿ, ಇನ್ನೊಂದು ಕಡೆ ಆನ್ ಇಟ್ಟು ಅಳೆದ ಅಂಕಿಗಳನ್ನು ಸ್ವೀಕರಿಸುವುದಿಲ್ಲ.

ಅಷ್ಟಕ್ಕೂ ಕಂಪೈಲ್ ಮಾಡುವುದು ಎರಡರಲ್ಲೂ ಅದೇ ಜಿಎಚ್‌ಸಿ. ನೋಡಬೇಕಾದ ವ್ಯತ್ಯಾಸ ಬೇರೆ: ಸ್ಟ್ಯಾಕ್, ಒಟ್ಟಿಗೆ ಬಿಲ್ಡ್ ಆಗುತ್ತವೆಂದು ಮೊದಲೇ ಪರೀಕ್ಷಿಸಿದ ಸ್ಟ್ಯಾಕೇಜ್ ಗುಂಪಿನಿಂದ ಪ್ಯಾಕೇಜ್ ಎತ್ತಿಕೊಳ್ಳುತ್ತದೆ, ಕಬಾಲ್, ಲೇಖಕರು ಬರೆದ ಆವೃತ್ತಿ ಮಿತಿಗಳನ್ನು ಓದಿ ತಾನೇ ಹೊಂದಿಸುತ್ತದೆ. ಕಬಾಲ್ ಆರಿಸಿದರೆ ‘ಇಂಡೆಕ್ಸ್-ಸ್ಟೇಟ್’ ದಿನಾಂಕ ಬರೆದಿಡುವುದು ಕಡ್ಡಾಯ. ಇಲ್ಲದಿದ್ದರೆ ಇವತ್ತು ಆದ ಬಿಲ್ಡ್ ಮುಂದಿನ ತಿಂಗಳು ಬೇರೆ ಪ್ಯಾಕೇಜ್‌ಗಳನ್ನು ಎಳೆದುಕೊಂಡೀತು.

ಮಾಡಬಾರದ್ದು

ಹಳೇ ದೂರುಗಳನ್ನು ನಂಬಿ ತೀರ್ಪು ಕೊಡಬೇಡಿ. ಒಂದು ಪ್ರಾಜೆಕ್ಟಿನ ಪ್ಯಾಕೇಜ್ ಇನ್ನೊಂದನ್ನು ಕೆಡಿಸುವ ‘ಕಬಾಲ್ ಹೆಲ್’ ಎಂಬ ಗೋಳು ಸುಳ್ಳಲ್ಲ. 2015ರಲ್ಲಿ ಸ್ಟ್ಯಾಕ್ ಬಂದಾಗ ಜನ ಅದರತ್ತ ಹೊರಳಿದ್ದು ಅದಕ್ಕೇ. ಆದರೆ 2019ರ ಕಬಾಲ್ 3.0ರಿಂದ ಪ್ರಾಜೆಕ್ಟ್‌ಗಳನ್ನು ಒಂದಕ್ಕೊಂದು ತಾಗದಂತೆ ಪ್ರತ್ಯೇಕವಾಗಿಡುವ ಬಿಲ್ಡ್ ಪದ್ಧತಿಯೇ ಡೀಫಾಲ್ಟ್ ಆಗಿದೆ.

ಬಿಲ್ಡ್ ಪಾಸ್ ಆಗಲಿ ಎಂದು, ಆವೃತ್ತಿ ಮಿತಿಗಳನ್ನು ಕಡೆಗಣಿಸುವ ‘ಅಲೌ-ನ್ಯೂಯರ್’ ಹಾಕಿ, ಹಾಗೇ ಬಿಟ್ಟು ಹೋಗಬೇಡಿ. ಪರೀಕ್ಷೆಗೆ ಹಾಕಿದ್ದರೆ ಅವತ್ತೇ ತೆಗೆಯಿರಿ.

ಫಾರ್ಮ್ಯಾಟರ್ ಬ್ರಿಟನಿ, ಎಡಿಟರ್‌ಗೆ ನೆರವಾಗುತ್ತಿದ್ದ ಇಂಟೆರೋ ಬೇಡ. ಒಂದು ಕಾಲಕ್ಕೆ ಒಳ್ಳೆಯ ಟೂಲ್‌ಗಳೇ, ಈಗ ನಿರ್ವಹಣೆ ನಿಂತಿದೆ.

ಒರ್ಮೊಲು ಮತ್ತು ಫೋರ್ಮೊಲು ಎಂಬ ಫಾರ್ಮ್ಯಾಟರ್‌ಗಳ ನಡುವೆ ರುಚಿಯ ಜಗಳ ಬೇಡ. ಒರ್ಮೊಲು ಬೇಕೆಂದೇ ಶೈಲಿಯ ಆಯ್ಕೆಗಳನ್ನು ಕೊಡುವುದಿಲ್ಲ. ಅದರಿಂದಲೇ ಕವಲೊಡೆದ ಫೋರ್ಮೊಲು ಕೊಡುತ್ತದೆ. ಇಂಡೆಂಟ್ ಎರಡೋ ನಾಲ್ಕೋ ಎಂದು ಚರ್ಚಿಸುವ ತಂಡಕ್ಕೆ ಒರ್ಮೊಲು ಒಳ್ಳೆಯದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಯಾವುದೇ ಇರಲಿ, ಫಾರ್ಮ್ಯಾಟ್ ಬದಲಾವಣೆಯನ್ನು ಫೀಚರ್ ಕಮಿಟ್‌ನಲ್ಲಿ ಬೆರೆಸಬೇಡಿ. ರಿವ್ಯೂ ಮಾಡುವವರ ಕಣ್ಣಿಗೆ ನಿಜವಾದ ಬದಲಾವಣೆ ಬೀಳುವುದೇ ಇಲ್ಲ.

ಮೆಮೊರಿ ಕಡಿಮೆ ಇರುವ ಲ್ಯಾಪ್‌ಟಾಪ್‌ನವರ ಮೇಲೆ ಎಚ್‌ಎಲ್‌ಎಸ್ ಹೇರಬೇಡಿ. ಫೈಲ್ ಸೇವ್ ಮಾಡಿದ ಕೂಡಲೇ ಎರರ್ ತೋರಿಸುವ ಜಿಎಚ್‌ಸಿಐಡಿ ಇದೆ. ಒಂದು ಟರ್ಮಿನಲ್ ಕಿಟಕಿ ಸಾಕು. ಅದನ್ನು ಬಳಸುವವರನ್ನು ಹಿಂದುಳಿದವರಂತೆ ನೋಡಕೂಡದು.