ಚರ್ಚಿನ ಕ್ವಾಯರಿನಲ್ಲಿ ಸ್ಯಾಕ್ಸೋಫೋನ್: ಮಲ್ಲಂದೂರಿನ ಕಿರಿಯ ವಾದಕನಿಗೊಂದು ಪತ್ರ



ಸ್ಯಾಕ್ಸೋಫೋನ್ ಬಯಲಿಗೆಂದು ಹುಟ್ಟಿದ ವಾದ್ಯ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ ಅವನ ಕಣ್ಣಿದ್ದದ್ದು ಮಿಲಿಟರಿ ಬ್ಯಾಂಡಿನ ಮೇಲೆ. ಕ್ಲಾರಿನೆಟ್ಟಿನ ಚುರುಕು, ಹಿತ್ತಾಳೆ ಕಹಳೆಯ ಗಟ್ಟಿತನ ಎರಡೂ ಒಂದೇ ಕೊಳವೆಯಲ್ಲಿ ಸಿಗಬೇಕಿತ್ತು. ಮೈಯೆಲ್ಲ ಹಿತ್ತಾಳೆಯಾದರೂ ಸಂಗೀತಶಾಸ್ತ್ರ ಇದನ್ನು ಮರದ ವಾದ್ಯಗಳ ಪಂಕ್ತಿಯಲ್ಲೇ ಕೂರಿಸುತ್ತದೆ. ನಾದ ಹುಟ್ಟುವುದು ಮೌತ್‌ಪೀಸಿಗೆ ಬಿಗಿದ ಒಂದು ಜೊಂಡಿನ ಸೀಳಿನಿಂದ, ಅಂದರೆ ರೀಡಿನಿಂದ. ಕೊಳವೆ ಬಾಯಿಯಿಂದ ಗಂಟೆಯಾಕಾರದ ತುದಿಯವರೆಗೆ ಅಗಲವಾಗುತ್ತಲೇ ಹೋಗುವುದರಿಂದ ಆ ತುಂಬು ದನಿ. ಚಿಕ್ಕಮಗಳೂರು ಸೀಮೆಯ ಮಲ್ಲಂದೂರಿನ ಕಡೆಯ ಕಾಫಿ ತೋಟಗಳ ನಡುವೆ, ಹಂಚಿನದೋ ಶೀಟಿನದೋ ಮಾಡಿನ ಕೆಳಗೆ, ಐವತ್ತು ಅರವತ್ತು ಜನ ಕೂರುವ ಪ್ರಾರ್ಥನಾಲಯದಲ್ಲಿ ಇದನ್ನು ಊದಲು ಹೊರಟವನು ಮೊದಲು ತಿಳಿಯಬೇಕಾದದ್ದು ಅಷ್ಟೇ: ಕವಾಯತು ಮೈದಾನದ ದನಿಯೊಂದು ನಾಲ್ಕು ಗೋಡೆಯೊಳಕ್ಕೆ ಬಂದಿದೆ.

ಕನ್ನಡ ಕರಾವಳಿಯಲ್ಲಿ ಇದು ಬೇರೆಯೇ ಮನೆತನ ಕಟ್ಟಿಕೊಂಡಿತು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ನಾಗಸ್ವರದವರ ಮನೆಯ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತು, ಗಮಕಕ್ಕೆ ಒಗ್ಗದ ಕೀಲಿಗಳ ಮೇಲೆ ವರ್ಷಗಟ್ಟಲೆ ದುಡಿದು, ಅದರಿಂದ ಕರ್ನಾಟಕ ಸಂಗೀತ ನುಡಿಸಿದರು. 1994ರಲ್ಲಿ ಅವರು ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯಲ್ಲಿದ್ದರು. ಅದೇ ವರ್ಷ ರೆಹಮಾನ್ ಸಂಗೀತದ ತಮಿಳು ಚಿತ್ರ ‘ಡ್ಯುಯೆಟ್’ನಲ್ಲಿ ಅವರ ನಾದ ಮನೆಮನೆಗೆ ಮುಟ್ಟಿತು. ಇವತ್ತು ಘಟ್ಟದ ಕೆಳಗೆ ದೇವಸ್ಥಾನದ ಉತ್ಸವ, ಭೂತಕೋಲ, ಮದುವೆ ಮೆರವಣಿಗೆ ಎಲ್ಲ ಕಡೆಯೂ ಸ್ಯಾಕ್ಸೋಫೋನ್ ಇದೆ. ಘಟ್ಟದ ಮೇಲಿನ ಹುಡುಗರ ಕಿವಿಯಲ್ಲಿ ಕೂತಿರುವುದೂ ಹೆಚ್ಚಾಗಿ ಆ ಬಾನಿಯೇ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲೆಲ್ಲ ವಾದ್ಯವೇ ಹಾಡುಗಾರ. ಚರ್ಚಿನಲ್ಲಿ ಹಾಡುಗಾರರು ಬೆಂಚಿನ ಮೇಲೆ ಕೂತಿರುತ್ತಾರೆ.

ಚರ್ಚು ಕೂಡ ಈ ವಾದ್ಯವನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳಲಿಲ್ಲ. 1903ರ ನವೆಂಬರಿನಲ್ಲಿ ಪೋಪ್ ಹತ್ತನೇ ಪಯಸ್ ಹೊರಡಿಸಿದ ಆದೇಶ ಪಿಯಾನೊವನ್ನೂ ತಮಟೆ, ತಾಳಗಳನ್ನೂ ದೇವಾಲಯದೊಳಗೆ ನಿಷೇಧಿಸಿತು. ಬ್ಯಾಂಡಿಗೆ ಬಾಗಿಲು ಮುಚ್ಚಿತು. ಊದುವ ವಾದ್ಯಗಳನ್ನು ಬಿಷಪರ ಒಪ್ಪಿಗೆಯ ಮೇಲೆ, ಸಂಖ್ಯೆಯಲ್ಲಿ ಕಡಿಮೆಯಾಗಿ, ಕಟ್ಟಡದ ಅಳತೆಗೆ ತಕ್ಕಂತೆ ಮಾತ್ರ ಬಳಸಬಹುದೆಂದಿತು. ಕಟ್ಟಡದ ಅಳತೆಗೆ ತಕ್ಕಂತೆ ಎಂಬ ಮಾತು ಇವತ್ತಿಗೂ ಹಳಸಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯ ಆರಾಧನಾ ದಸ್ತಾವೇಜು 1963ರ ಡಿಸೆಂಬರಿನಲ್ಲಿ ಬಂದು, ಪೈಪ್ ಆರ್ಗನ್ನಿಗೆ ಮೊದಲ ಮಣೆ ಹಾಕುತ್ತಲೇ, ಪೂಜೆಗೆ ಹೊಂದುವ ಬೇರೆ ವಾದ್ಯಗಳನ್ನೂ ಸ್ಥಳೀಯ ಧರ್ಮಾಧಿಕಾರಿಗಳ ಒಪ್ಪಿಗೆಯಿಂದ ಬಳಸಬಹುದೆಂದು ಸಡಿಲಿಸಿತು. ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿದ್ದೂ ಅದೇ 1963ರಲ್ಲಿ; ಇಲ್ಲಿನ ಕ್ವಾಯರುಗಳು ಬೆಳೆದದ್ದು ಬಾಗಿಲು ತೆರೆದ ಮೇಲಿನ ಕಾಲದಲ್ಲಿ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹೀಗೊಂದು ಕೇಂದ್ರದ ನಿಯಮ ಇಲ್ಲ. ಅಲ್ಲಿ ಸಭಾಪಾಲಕರ ಅಭಿರುಚಿ, ಹಿರಿಯರ ಹುಬ್ಬು ಇವೇ ನಿಯಮ.

ಈಗ ಊದುವ ವಿಚಾರ. ಆಲ್ಟೋ ಸ್ಯಾಕ್ಸೋಫೋನಿನ ಮಧ್ಯದ ಸ್ಥಾಯಿ, ಅಂದರೆ ಕಲಿಯುವವನಿಗೆ ಅತ್ಯಂತ ಸಲೀಸಾದ ಭಾಗ, ಸಭೆ ಹಾಡುವ ಸ್ಥಾಯಿಯ ಮೇಲೇ ಸರಿಯಾಗಿ ಬಂದು ಕೂರುತ್ತದೆ. ಅದೇ ರಾಗವನ್ನು ಅದೇ ಸ್ಥಾಯಿಯಲ್ಲಿ ಪೂರ್ತಿ ಉಸಿರಿನಿಂದ ಊದಿದರೆ ಜನರ ದನಿ ಅಡಗುತ್ತದೆ, ಎರಡು ಚರಣ ಕಳೆಯುವಷ್ಟರಲ್ಲಿ ಹಿಂದಿನ ಬೆಂಚಿನವರು ಬಾಯಿ ಮುಚ್ಚಿ ಕೇಳಲು ಶುರುಮಾಡುತ್ತಾರೆ. ವಾದಕ ಅದನ್ನು ಮೆಚ್ಚುಗೆ ಎಂದುಕೊಳ್ಳುವುದುಂಟು. ಅದು ಸೋಲು. ಮೊದಲ ಚರಣ ಪೂರ್ತಿ ಬಿಟ್ಟುಬಿಡುವುದು, ಪಲ್ಲವಿಯ ಎರಡನೇ ಸುತ್ತಿಗೆ ಮೆಲ್ಲಗೆ ಸೇರುವುದು, ಸಾಲು ಮುಗಿದು ಮುಂದಿನದು ಹಿಡಿಯುವ ನಡುವಿನ ಖಾಲಿಯಲ್ಲಿ ಮೂರ್ನಾಲ್ಕು ಸ್ವರ ಇಡುವುದು, ಕೊನೆಯ ಚರಣದಲ್ಲಿ ರಾಗಕ್ಕಿಂತ ಎರಡು ಸ್ವರ ಕೆಳಗೆ ಜೊತೆಗೂಡುವುದು: ಒಂದು ಹಾಡಿಗೆ ಇಷ್ಟಾದರೆ ಧಾರಾಳ. ತೀರಾ ಕೆಳಗಿನ ಸ್ವರಗಳನ್ನು ಮೆಲ್ಲಗೆ ಊದುವುದು ನುರಿತವರಿಗೂ ಕಷ್ಟ. ಅವು ಬಂದರೆ ಲಾರಿ ಹಾರನ್ನಿನಂತೆ ಬರುತ್ತವೆ, ಆದ್ದರಿಂದ ಪರಮಪ್ರಸಾದದ ಹೊತ್ತಿನಲ್ಲಿ ಅವುಗಳ ಗೊಡವೆಗೆ ಹೋಗದಿರುವುದೇ ಲೇಸು. ಸಣ್ಣ ಚರ್ಚಿನಲ್ಲಿ ಮೈಕೂ ಬೇಡ. ಮೆರವಣಿಗೆಗೆಂದು ಕೊಂಡ ಲೋಹದ ಮೌತ್‌ಪೀಸ್ ಇದ್ದರೆ ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟು ಎಬೊನೈಟಿನದನ್ನು ಹಾಕುವುದು ಉತ್ತಮ. ಯುರೋಪಿನ ಕಲ್ಲುಚರ್ಚುಗಳ ಮಾತು ಬೇರೆ. ನಾರ್ವೆಯ ಸ್ಯಾಕ್ಸೋಫೋನ್ ವಾದಕ ಯಾನ್ ಗಾರ್ಬರೆಕ್ 1994ರ ‘ಒಫೀಸಿಯುಂ’ ಧ್ವನಿಮುದ್ರಣದಲ್ಲಿ ಹಿಲಿಯರ್ಡ್ ಗಾಯಕರ ಹಳೆಯ ಲ್ಯಾಟಿನ್ ಹಾಡುಗಳ ಮೇಲೆ ಹಕ್ಕಿಯಂತೆ ತೇಲುತ್ತಾನೆ. ಅಲ್ಲಿ ಆಸ್ಟ್ರಿಯದ ಮಠದ ಕಮಾನುಗಳು ಪ್ರತಿ ಸ್ವರವನ್ನೂ ಹಿಡಿದು ಬೆಳೆಸುತ್ತವೆ. ಶೀಟಿನ ಮಾಡು ಅಂಥ ಉಪಕಾರ ಮಾಡುವುದಿಲ್ಲ. ಅದು ಸ್ವರವನ್ನು ಹಾಗೇ ಮುಖಕ್ಕೆ ವಾಪಸು ಎಸೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ಪಾಠ ಬೆರಳಿನದಲ್ಲ, ಪದದ್ದು. ರಾಗ ಮಾತ್ರ ಕಲಿತು ಪದ ಕಲಿಯದ ವಾದಕ ಎಲ್ಲೆಂದರಲ್ಲಿ ಉಸಿರೆಳೆಯುತ್ತಾನೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅರ್ಥ ಅಲ್ಲಿಯವರೆಗೂ ಕಾದಿರುತ್ತದೆ. ‘ಕರ್ತನು ತನ್ನ ಜನರನ್ನು’ ಎಂಬಲ್ಲಿಗೆ ಉಸಿರು ಕಡಿದರೆ ಕರ್ತನು ಜನರನ್ನು ಏನು ಮಾಡಿದನೆಂಬುದು ಗಾಳಿಯಲ್ಲಿ ನೇತಾಡುತ್ತದೆ, ಸಭೆಯೂ ಅಲ್ಲೇ ಮುಗ್ಗರಿಸುತ್ತದೆ. ಒತ್ತಕ್ಷರದ್ದು ಇನ್ನೂ ಸೂಕ್ಷ್ಮ. ‘ಹಲ್ಲೆಲೂಯ’ ಎಂಬ ಒಂದೇ ಪದವನ್ನು ತೆಗೆದುಕೊಂಡು ಒಂದು ಸಂಜೆ ಪೂರ್ತಿ ಅಭ್ಯಾಸ ಮಾಡಬಹುದು. ಹಲ್ ಎಂಬಲ್ಲಿ ನಾಲಿಗೆ ರೀಡಿಗೆ ತಾಕಿ ಕ್ಷಣಹೊತ್ತು ನಾದವನ್ನು ತಡೆಯಬೇಕು, ಲೆ ಹ್ರಸ್ವವಾಗಿ ಜಾರಬೇಕು, ಲೂ ನಿಲ್ಲಬೇಕು, ಯ ಉಸಿರಿನಲ್ಲೇ ಕರಗಬೇಕು. ನಾಲಿಗೆ ಮುಟ್ಟಿಸದೆ ಎಲ್ಲವನ್ನೂ ಒಂದೇ ಎಳೆಯಲ್ಲಿ ಎಳೆದರೆ ಅದು ‘ಹಲೆಲೂಯ’ ಆಗುತ್ತದೆ. ಕೇಳುವವರಿಗೆ ಎಲ್ಲಿ ತಪ್ಪಿತೆಂದು ಹೇಳಲು ಬಾರದಿದ್ದರೂ ತಪ್ಪಿದ್ದು ಗೊತ್ತಾಗುತ್ತದೆ.

ವಾದ್ಯದಿಂದ ಪದ ನುಡಿಸುವುದು ಕಟ್ಟುಕತೆಯಲ್ಲ. ಅಮೆರಿಕದ ಜಾನ್ ಕೋಲ್ಟ್ರೇನ್, ಎರಡೂ ಕಡೆಯ ಅಜ್ಜಂದಿರು ಪಾದ್ರಿಗಳಾಗಿದ್ದ ಮನೆಯಲ್ಲಿ ಹುಟ್ಟಿದವನು, 1964ರ ಡಿಸೆಂಬರಿನಲ್ಲಿ ‘ಎ ಲವ್ ಸುಪ್ರೀಂ’ ಧ್ವನಿಮುದ್ರಿಸಿದ. ಅದರ ನಾಲ್ಕನೇ ಭಾಗದ ಹೆಸರು ‘ಸಾಮ್’, ಕೀರ್ತನೆ ಎಂದರ್ಥ. ಅಲ್ಲಿ ಯಾರೂ ಹಾಡುವುದಿಲ್ಲ. ಕೋಲ್ಟ್ರೇನ್ ತಾನೇ ಬರೆದ ಪ್ರಾರ್ಥನೆಯನ್ನು ಟೆನರ್ ಸ್ಯಾಕ್ಸೋಫೋನಿನಲ್ಲಿ ಅಕ್ಷರ ಅಕ್ಷರವಾಗಿ ಊದುತ್ತಾನೆ. ಬರೆಹವನ್ನು ಕೈಯಲ್ಲಿ ಹಿಡಿದು ಕೇಳಿದರೆ ಸ್ವರದ ಕೆಳಗೆ ಪದ ಓಡುವುದು ಕಾಣುತ್ತದೆ. ಕನ್ನಡದ ಕ್ರೈಸ್ತ ಹಾಡುಗಳಲ್ಲಿ ಈ ಎಚ್ಚರ ಹೆಚ್ಚು ಬೇಕು, ಏಕೆಂದರೆ ಅವುಗಳಲ್ಲಿ ಎರಡು ಜಾತಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಧಾಟಿಗಳಿಗೆ ಕನ್ನಡ ಪದ ಕೂರಿಸಿದರು. ಅಲ್ಲಿ ಹ್ರಸ್ವ ದೀರ್ಘ ಕೆಲವೊಮ್ಮೆ ಧಾಟಿಗೆ ಶರಣಾಗಿರುತ್ತದೆ. ಅದೇ ಮಿಷನ್ನಿನ, ನಿಘಂಟಿನ ಕಿಟೆಲ್ ಇದರಿಂದ ಅತೃಪ್ತನಾಗಿ ಕನ್ನಡ ಛಂದಸ್ಸಿನ ದಾರಿ ಹಿಡಿದ. ಅವನ 1862ರ ‘ಕಥಾಮಾಲೆ’ ಯೇಸುವಿನ ಚರಿತ್ರೆಯನ್ನು ಈ ನೆಲದ ಮಟ್ಟಿನಲ್ಲೇ ಹೇಳಲು ಹೊರಟದ್ದು. ಮೊದಲ ಜಾತಿಯ ಹಾಡಿಗೆ ಗಮಕ ಬೇಡ, ನೆಟ್ಟಗಿನ ಸ್ವರ ಸಾಕು. ಎರಡನೆಯದಕ್ಕೆ ತುಸು ತೂಗಾಟ ಒಪ್ಪುತ್ತದೆ. ಜರ್ಮನ್ ಧಾಟಿಯ ಮೇಲೆ ಕಲ್ಯಾಣಿಯ ಗಮಕ ಹೇರುವುದು ಸೂಟಿನ ಮೇಲೆ ಶಲ್ಯ ಹೊದ್ದ ಹಾಗೆ.

ಶ್ರುತಿಯ ಗೊಂದಲ ಇಲ್ಲದ ಕ್ವಾಯರ್ ಇಲ್ಲ. ಕೀಬೋರ್ಡಿನವನು ‘ಸಿ’ ಎಂದರೆ ಆಲ್ಟೋದವನು ‘ಎ’ ಹಿಡಿಯಬೇಕು. ಯಾವ ಸ್ವರ ಹೇಳಿದರೂ ಮೂರು ಮನೆ ಕೆಳಗೆ. ಟೆನರಿನವನು ಎರಡು ಮನೆ ಮೇಲೆ. ಗಿಟಾರಿನವರಿಗೆ ಪ್ರಿಯವಾದ ಜಿ, ಡಿ, ಎ, ಇ ಶ್ರುತಿಗಳು ಆಲ್ಟೋಗೆ ಇ, ಬಿ, ಎಫ್ ಶಾರ್ಪ್, ಸಿ ಶಾರ್ಪ್ ಆಗುತ್ತವೆ, ಅಂದರೆ ಕ್ರಮವಾಗಿ ನಾಲ್ಕು, ಐದು, ಆರು, ಏಳು ಶಾರ್ಪು. ಕಲಿಯುವವನ ಬೆರಳಿಗೆ ಇದು ಶಿಕ್ಷೆ. ರಾಜಿಯ ದಾರಿಯೊಂದಿದೆ: ‘ಜಿ’ಯಲ್ಲಿರುವ ಹಾಡನ್ನು ‘ಎಫ್’ಗೆ ಇಳಿಸಿ, ಗಿಟಾರಿನವನು ಮೂರನೇ ಮನೆಗೆ ಕೇಪೋ ಹಾಕಿ ಡಿ ಆಕಾರದಲ್ಲಿ ಬಾರಿಸಿದರೆ, ಆಲ್ಟೋಗೂ ಡಿ ಸಿಗುತ್ತದೆ, ಎರಡೇ ಶಾರ್ಪು. ಚಳಿಯ ಬೆಳಗಿನ ಮೊದಲ ಪೂಜೆಯಲ್ಲಿ ಗಂಟಲು ಕಟ್ಟಿದ ಸಭೆಗೂ ಒಂದು ಸ್ವರ ಇಳಿದದ್ದು ಹಿತವೇ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯ ಬಗ್ಗೆ ಮಾತ್ರ ಜೋಪಾನ. ಬೆರಳು ಸಿ ಮೇಲಿದ್ದು ಸದ್ದು ಇನ್ನೇನೋ ಬರುತ್ತಿರುತ್ತದೆ. ಹೆಸರು ಕೇಳದೆ ಸ್ವರವನ್ನೇ ಕೇಳಿಸಿಕೊಳ್ಳಬೇಕು.

ಮಲ್ಲಂದೂರಿನ ಜಡಿಮಳೆ ಈ ವಾದ್ಯದ ಶತ್ರು. ಜೂನಿನಿಂದ ಸೆಪ್ಟೆಂಬರಿನವರೆಗೆ ತೊಗಲಿನ ಪ್ಯಾಡುಗಳು ಬೂಷ್ಟು ಹಿಡಿಯುತ್ತವೆ, ಸೂಜಿಯಂಥ ಉಕ್ಕಿನ ಸ್ಪ್ರಿಂಗುಗಳು ತುಕ್ಕು ಹಿಡಿಯುತ್ತವೆ, ರೀಡು ಸೊಟ್ಟಗಾಗುತ್ತದೆ. ಊದಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸದೆ ಪೆಟ್ಟಿಗೆ ಮುಚ್ಚಿದರೆ ಮುಂದಿನ ಭಾನುವಾರ ಅದರೊಳಗೆ ಅಣಬೆ ವಾಸನೆ. ಮೂರ್ನಾಲ್ಕು ರೀಡುಗಳನ್ನು ಸರದಿಯಲ್ಲಿ ಬಳಸಿ, ಒಣಗಿಸಿ, ಚಪ್ಪಟೆ ಡಬ್ಬಿಯಲ್ಲಿಡಬೇಕು. ಎಲ್ಲಕ್ಕಿಂತ ಮೋಸ ಮಾಡುವುದು ಎಡಗೈ ಕಿರುಬೆರಳಿನ ಜಿ ಶಾರ್ಪ್ ಕೀಲಿ. ಅದು ಸದಾ ಮುಚ್ಚಿಯೇ ಇರುವ ಕೀಲಿ. ತೇವಕ್ಕೆ ಪ್ಯಾಡು ಅಂಟಿಕೊಂಡರೆ ಒತ್ತಿದರೂ ತೆರೆಯದು, ಜಿ ಶಾರ್ಪಿನ ಬದಲು ಜಿ ಬರುತ್ತದೆ. ಸಭೆ ಜಿ ಮೇಜರಿನಲ್ಲಿ ಹಾಡುವಾಗ ಆಲ್ಟೋದವನಿಗೆ ಆ ಜಿ ಶಾರ್ಪೇ ಗಾಂಧಾರ. ಅಂತರ ಗಾಂಧಾರ ಸಾಧಾರಣ ಗಾಂಧಾರಕ್ಕೆ ಇಳಿದು, ಉತ್ಸಾಹದ ಸ್ತುತಿಗೀತೆ ಇದ್ದಕ್ಕಿದ್ದಂತೆ ಶೋಕಗೀತೆಯಾಗುತ್ತದೆ. ಮದ್ದು ಸರಳ: ಪ್ಯಾಡಿನ ಕೆಳಗೆ ತೆಳುವಾದ ಸಿಗರೇಟ್ ಪೇಪರ್ ಇಟ್ಟು, ಮೆಲ್ಲಗೆ ಒತ್ತಿ ಎಳೆದರೆ ಜಿಗುಟು ಬಿಡುತ್ತದೆ. (ಕ್ವಾಯರ್ ಹುಡುಗನ ಕಿಸೆಯಲ್ಲಿ ಸಿಗರೇಟ್ ಪೇಪರ್ ಯಾಕೆಂದು ಮನೆಯವರಿಗೆ ಮೊದಲೇ ಹೇಳಿಟ್ಟಿರುವುದು ಕ್ಷೇಮ.) ಜಿಗುಟಿಗೆ ಮಳೆಯೊಂದೇ ಕಾರಣವೂ ಅಲ್ಲ. ಸಕ್ಕರೆ ಹಾಕಿದ ಕಾಫಿ ಕುಡಿದು ಬಾಯಿ ಮುಕ್ಕಳಿಸದೆ ಊದಿದರೆ ಸಿಹಿ ಎಂಜಲು ಪ್ಯಾಡಿಗಿಳಿಯುತ್ತದೆ. ಕಾಫಿ ಸೀಮೆಯಲ್ಲಿ ಇದು ಹೇಳಲು ಸುಲಭ, ಪಾಲಿಸಲು ಕಷ್ಟ.

ಅದೇ ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ, ಕೀಬೋರ್ಡು ಹಾಡಿನ ನಡುವೆ ಸತ್ತುಹೋಗುತ್ತದೆ. ಆಗ ಇಡೀ ಕ್ವಾಯರಿಗೆ ಸ್ಯಾಕ್ಸೋಫೋನೇ ಹಾರ್ಮೋನಿಯಂ. ಮಾಡಿನ ಮೇಲೆ ಮಳೆ ಬಡಿಯುತ್ತಿರುವಾಗ ಹಿಂದೆ ಹೇಳಿದ ಸಂಕೋಚವನ್ನೆಲ್ಲ ಬಿಟ್ಟು, ಅಲಂಕಾರ ಒಂದೂ ಇಲ್ಲದೆ, ರಾಗವನ್ನು ನೆಟ್ಟಗೆ, ಗಟ್ಟಿಯಾಗಿ ಹಿಡಿದು ಜನರನ್ನು ಸಾಲಿನ ಕೊನೆಗೆ ಮುಟ್ಟಿಸಬೇಕು. ಇದಕ್ಕಾಗಿ ಪ್ರತಿ ಹಾಡಿನ ಪಲ್ಲವಿ ಬಾಯಿಪಾಠ ಇರಲೇಬೇಕು. ಕತ್ತಲಲ್ಲಿ ಪುಸ್ತಕ ಕಾಣುವುದಿಲ್ಲ.

ಕಥೋಲಿಕ ವಾದಕನಿಗೆ ಕ್ಯಾಲೆಂಡರೂ ಗುರುವೇ. ತಪಸ್ಸುಕಾಲದ ನಲವತ್ತು ದಿನ, ನಾಲ್ಕನೇ ಭಾನುವಾರ ಮತ್ತು ದೊಡ್ಡ ಹಬ್ಬಗಳನ್ನು ಬಿಟ್ಟರೆ, ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು. ಬಿಡಿ ನುಡಿಸಾಣಿಕೆ ಇಲ್ಲ. ಪವಿತ್ರ ಗುರುವಾರದ ಮಹಿಮಾಗೀತೆಯಿಂದ ಪಾಸ್ಖ ಜಾಗರಣೆಯ ಮಹಿಮಾಗೀತೆಯವರೆಗೂ ಅದೇ ಕಟ್ಟು. ಅಲಂಕಾರದ ಸಾಲುಗಳೂ ಮಧ್ಯದ ಸೋಲೋಗಳೂ ಪೆಟ್ಟಿಗೆಯಲ್ಲೇ. ಜಾಗರಣೆಯ ರಾತ್ರಿ, ಕಾಫಿ ಅರಳಿಸುವ ಹೂಮಳೆ ಬಿದ್ದಿದ್ದರೆ, ತೋಟ ತಣ್ಣಗಿರುತ್ತದೆ. ಹಳೆಯ ಒಡಂಬಡಿಕೆಯ ವಾಚನಗಳು ಏಳರವರೆಗೂ ಇರಬಹುದು. ಅಷ್ಟು ಹೊತ್ತು ಹಿತ್ತಾಳೆ ಸುಮ್ಮನೆ ತಣಿಯುತ್ತದೆ. ಗಾಳಿ ಹತ್ತು ಡಿಗ್ರಿ ತಣ್ಣಗಾದರೆ ಶ್ರುತಿ ಅರ್ಧಸ್ವರದ ಮೂರನೇ ಒಂದು ಪಾಲಿನಷ್ಟು ಇಳಿಯಬಲ್ಲದು. ಆದ್ದರಿಂದ ಕೊನೆಯ ವಾಚನ ಶುರುವಾಗುತ್ತಲೇ ವಾದಕ ರೀಡನ್ನು ನಾಲಿಗೆಯ ಮೇಲೆ ಒದ್ದೆ ಮಾಡಿಕೊಂಡು, ಕೀಲಿಗಳನ್ನೆಲ್ಲ ಮುಚ್ಚಿ ಹಿಡಿದು, ಸದ್ದು ಬಾರದಂತೆ ಬಿಸಿಯುಸಿರನ್ನು ಕೊಳವೆಯೊಳಗೆ ಬಿಡುತ್ತಾ ಇರಬೇಕು. ಗುರುಗಳು ಮಹಿಮಾಗೀತೆ ಎತ್ತಿದಾಗ, ಗಂಟೆಗಳು ಮೊಳಗಿದಾಗ, ಹಿತ್ತಾಳೆ ಬೆಚ್ಚಗಿರಬೇಕು.