ಹಣವಿದ್ದರೂ ವೀಸಾ ಏಕೆ ಸಿಗಲಿಲ್ಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಮಗಳು ಅಮೆರಿಕದ ಡಲ್ಲಾಸ್‌ನಲ್ಲಿದ್ದಾಳೆ, ಚೊಚ್ಚಲ ಬಸುರಿ. ಚೆನ್ನೈಗೆ ಸಂದರ್ಶನಕ್ಕೆ ಹೋದರೆ, ಮೂರ್ನಾಲ್ಕು ಪ್ರಶ್ನೆ ಕೇಳಿ, ನಾವು ಹೊತ್ತೊಯ್ದ ಫೈಲನ್ನು ತೆರೆದೂ ನೋಡದೆ, ಒಂದು ಚೀಟಿ ಕೊಟ್ಟು ಕಳಿಸಿದರು. ಅದರಲ್ಲಿ 214(ಬಿ) ಎಂದಿದೆ. ಮನೆ, ಪೆನ್ಷನ್, ಠೇವಣಿ ಎಲ್ಲವೂ ಇದೆ. ನಾವು ಮಾಡಿದ ತಪ್ಪೇನು? ಮತ್ತೆ ಅರ್ಜಿ ಹಾಕಬಹುದೆ?
— ಓದುಗರು, ಹಾಸನ

ಉತ್ತರ: ಮೇಡಂ, ಮೊದಲಿಗೆ ಆ ಚೀಟಿಯನ್ನು ಅವಮಾನವೆಂದು ಎದೆಗೆ ಹಚ್ಚಿಕೊಳ್ಳಬೇಡಿ. ಅಮೆರಿಕದ 1952ರ ವಲಸೆ ಮತ್ತು ಪೌರತ್ವ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ಪ್ರವಾಸಿ ವೀಸಾ ಕೇಳಿ ಬಂದವರೆಲ್ಲ ಅಲ್ಲೇ ನೆಲೆಯೂರಲು ಹೊರಟವರು ಎಂದೇ ಅಧಿಕಾರಿ ಭಾವಿಸಬೇಕು. ಹಾಗಲ್ಲವೆಂದು ಮನವರಿಕೆ ಮಾಡಿಕೊಡುವ ಹೊರೆ ಅರ್ಜಿದಾರರದು. ಕೌಂಟರಿನಲ್ಲಿ ಅದಕ್ಕೆ ಸಿಗುವ ಸಮಯವೋ ಬಹಳ ಕಡಿಮೆ. ಇಡೀ ಜೀವನ ನಿಯತ್ತಾಗಿ ದುಡಿದವರನ್ನು ಹೀಗೆ ಸಂಶಯದಿಂದ ನೋಡುವುದು ನನಗೂ ನೋವಿನ ಸಂಗತಿಯೇ. ಆದರೆ ಕಾನೂನು ಇರುವುದು ಹಾಗೆ, ಸಿದ್ಧತೆಯೂ ಅದಕ್ಕೆ ತಕ್ಕಂತೆಯೇ ಆಗಬೇಕು.

ಫೈಲು ತೆರೆಯಲಿಲ್ಲ ಎಂಬ ದೂರು ಅನೇಕರದು. ಅಧಿಕಾರಿಯ ಕಣ್ಣೆದುರು ನಿಮ್ಮ ಡಿಎಸ್-160 ಅರ್ಜಿ ಇರುತ್ತದೆ. ಅದರಲ್ಲಿ ಬರೆದದ್ದೂ ನೀವು ಬಾಯಲ್ಲಿ ಹೇಳಿದ್ದೂ ಹೊಂದುತ್ತವೆಯೇ ಎಂಬುದರ ಮೇಲೆ ಬಹುಪಾಲು ತೀರ್ಮಾನವಾಗಿಬಿಡುತ್ತದೆ. ಆ ಅರ್ಜಿಯನ್ನು ತುಂಬಿದವರು ಯಾರು? ಸಾಮಾನ್ಯವಾಗಿ ಅಳಿಯನೋ ಮಗಳೋ ರಾತ್ರಿ ಕೆಲಸ ಮುಗಿಸಿ ಕೂತು ತುಂಬಿರುತ್ತಾರೆ. ಅಪ್ಪ ಅಮ್ಮ ಅದನ್ನು ಓದಿರುವುದೇ ಇಲ್ಲ. ಅರ್ಜಿಯಲ್ಲಿ ಆರು ತಿಂಗಳ ವಾಸ ಎಂದಿದ್ದು, ಕೌಂಟರಿನಲ್ಲಿ ನೀವು ‘ಎರಡು ತಿಂಗಳು’ ಅಂದರೆ, ಅಥವಾ ಖರ್ಚು ಅಳಿಯನದು ಎಂದು ಬರೆದಿದ್ದು ನೀವು ‘ನಮ್ಮ ಪೆನ್ಷನ್ ದುಡ್ಡಲ್ಲಿ’ ಅಂದರೆ, ಅಷ್ಟೇ ಸಾಕು. ಅರ್ಜಿಯ ಪ್ರತಿಯನ್ನು ಇಂದೇ ತರಿಸಿಕೊಂಡು, ದಂಪತಿ ಇಬ್ಬರೂ ಕೂತು ಸಾಲುಸಾಲಾಗಿ ಓದಿ.

ಹೆರಿಗೆಯ ವಿಷಯ ಮುಚ್ಚಿಡಿ ಎಂದು ಕೆಲವರು ಹೇಳಿಕೊಡುತ್ತಾರೆ. ಖಂಡಿತ ಬೇಡ. ಮಗಳ ಹೆರಿಗೆಗೆಂದು ತಾಯಿ ಹೋಗುವುದು ಪ್ರವಾಸಿ ವೀಸಾದಲ್ಲಿ ಒಪ್ಪುವ ಕಾರಣವೇ. ಅಧಿಕಾರಿಗೆ ಅನುಮಾನ ಬರುವುದು, ಮಗಳು ಕೆಲಸಕ್ಕೆ ಮರಳಿದ ಮೇಲೆ ಆಯಾ ಇಡುವ ಬದಲು ಅಜ್ಜಿಯನ್ನು ತಿಂಗಳುಗಟ್ಟಲೆ ಕರೆಸಿಕೊಳ್ಳುತ್ತಿದ್ದಾರೆ ಅನ್ನಿಸಿದಾಗ. ಹೆರಿಗೆಯ ತಾರೀಖು, ಬಾಣಂತನ ಎಷ್ಟು ವಾರ, ವಾಪಸ್ ಬರುವುದು ಯಾವಾಗ, ಊರಿನಲ್ಲಿ ನಿಮ್ಮನ್ನು ಕಾಯುತ್ತಿರುವುದು ಯಾರು, ಏನು ಎಂಬುದನ್ನು ನೇರವಾಗಿ ಹೇಳಿ. ವಯಸ್ಸಾದ ಅತ್ತೆಯವರು ಮನೆಯಲ್ಲಿದ್ದಾರೆಯೆ? ಇನ್ನೊಬ್ಬ ಮಗ ಹಾಸನದಲ್ಲೇ ಇದ್ದಾನೆಯೆ? ಬ್ಯಾಂಕಿನಲ್ಲಿರುವ ಠೇವಣಿಗಿಂತ ಇಂಥ ಸಂಗತಿಗಳೇ ನೀವು ಮರಳಿ ಬರುವಿರಿ ಎಂಬುದಕ್ಕೆ ಹೆಚ್ಚು ಬಲವಾದ ಸಾಕ್ಷಿ.

214(ಬಿ) ನಿರಾಕರಣೆಗೆ ಮೇಲ್ಮನವಿ ಇಲ್ಲ, ಆದರೆ ಮರು ಅರ್ಜಿಗೆ ಕಾಯಬೇಕೆಂಬ ಗಡುವೂ ಇಲ್ಲ. ತಲಾ 185 ಡಾಲರ್ ಶುಲ್ಕವನ್ನು ಹೊಸದಾಗಿ ಕಟ್ಟಬೇಕು, ಹಳೆಯದು ವಾಪಸ್ ಬರುವುದಿಲ್ಲ. ಹೊಸ ಅರ್ಜಿಯಲ್ಲಿ ‘ಹಿಂದೆ ವೀಸಾ ನಿರಾಕರಿಸಲಾಗಿದೆಯೇ’ ಎಂಬ ಪ್ರಶ್ನೆಗೆ ‘ಹೌದು’ ಎಂದೇ ಬರೆಯಿರಿ. ಅದೇ ಅರ್ಜಿ, ಅದೇ ಉತ್ತರ ಹಿಡಿದು ಮುಂದಿನ ವಾರವೇ ಓಡಿದರೆ ಫಲಿತಾಂಶವೂ ಬಹುಶಃ ಅದೇ ಬರುತ್ತದೆ. ಮೊದಲು ಅರ್ಜಿಯಲ್ಲಿನ ಗೊಂದಲ ಸರಿಯಾಗಲಿ.

ವೀಸಾ ಸಿಕ್ಕ ಮೇಲೆ ನೆನಪಿಡಬೇಕಾದ್ದು ಇನ್ನೊಂದಿದೆ. ನಮ್ಮವರಿಗೆ ಸಾಮಾನ್ಯವಾಗಿ ಹತ್ತು ವರ್ಷದ ವೀಸಾ ಕೊಡುತ್ತಾರೆ. ಆದರೆ ಪ್ರತಿ ಸಲ ಎಷ್ಟು ದಿನ ಇರಬಹುದೆಂಬುದನ್ನು ನಿರ್ಧರಿಸುವುದು ಅಲ್ಲಿ ಇಳಿದಾಗ ಸಿಗುವ ಐ-94 ದಾಖಲೆ, ಹೆಚ್ಚಾಗಿ ಆರು ತಿಂಗಳು. ಆ ಗಡುವು ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚಾದರೆ ಹತ್ತು ವರ್ಷ ಪ್ರವೇಶ ಬಂದ್.

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಸ್ವಿಟ್ಜರ್ಲೆಂಡ್, ಪ್ಯಾರಿಸ್ ನೋಡಿ ಬರುವ ಆಸೆ. ಸಂಬಳದ ಚೀಟಿ ಇಲ್ಲ, ಐಟಿ ರಿಟರ್ನ್ಸ್ ಸಲ್ಲಿಸಿಲ್ಲ, ಪಹಣಿ ಇನ್ನೂ ತಂದೆಯವರ ಹೆಸರಿನಲ್ಲಿದೆ. ರೈತರಿಗೆ ಷೆಂಗೆನ್ ವೀಸಾ ಸಿಗುವುದೇ ಇಲ್ಲ ಎನ್ನುತ್ತಾರೆ, ನಿಜವೆ?
— ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ನಿಜವಲ್ಲ. ಆದರೆ ಅರ್ಜಿ ನಮೂನೆಗಳನ್ನೆಲ್ಲ ತಿಂಗಳ ಸಂಬಳದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದಂತಿರುವುದರಿಂದ, ತೋಟದ ಆದಾಯ ಏನೆಂಬುದನ್ನು ನೀವೇ ಬಿಡಿಸಿ ಹೇಳಬೇಕು.

ಅಡಿಕೆ ಬೆಳೆಗಾರರ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದವರಿಗೆ ಮೊದಲು ಕಾಣುವುದೇ ಅನುಮಾನದ ಚಿತ್ರ. ತಿಂಗಳುಗಟ್ಟಲೆ ಖಾತೆಗೆ ಏನೂ ಬಂದಿರುವುದಿಲ್ಲ, ಆಮೇಲೆ ಇದ್ದಕ್ಕಿದ್ದಂತೆ ನಾಲ್ಕೈದು ಲಕ್ಷ ಜಮೆ! ಕೊಯ್ಲು, ಸುಲಿತ, ಬೇಯಿಸಿ ಒಣಗಿಸುವುದು, ದರ ಏರಲೆಂದು ಕಾಯುವುದು, ಆಮೇಲೆ ಮಂಡಿಗೆ ಹಾಕುವುದು ಎಂಬ ಈ ವರ್ಷದ ಚಕ್ರ ವೀಸಾ ಅಧಿಕಾರಿಗೆ ಗೊತ್ತಿಲ್ಲ. ವೀಸಾಕ್ಕೆ ತೋರಿಸಲೆಂದೇ ಯಾರದೋ ಸಾಲದ ಹಣ ತಂದು ಹಾಕಿದ್ದಾರೆ ಎಂದುಕೊಳ್ಳುತ್ತಾರೆ. ಆದ್ದರಿಂದ ಸ್ಟೇಟ್‌ಮೆಂಟನ್ನು ಕೇಳಿದ ಮೂರು ಅಥವಾ ಆರು ತಿಂಗಳಿಗೆ ನಿಲ್ಲಿಸದೆ ಎರಡು ವರ್ಷದ್ದು ಕೊಡಿ. ಹೋದ ವರ್ಷವೂ ಅದೇ ಹೊತ್ತಿಗೆ ಅಷ್ಟೇ ಹಣ ಬಂದದ್ದು ಕಾಣಲಿ. ಪ್ರತಿ ದೊಡ್ಡ ಜಮೆಯ ಪಕ್ಕದಲ್ಲಿ ಮಂಡಿಯ ಅಥವಾ ಸಹಕಾರ ಸಂಘದ ಮಾರಾಟದ ಬಿಲ್ಲು ಇರಲಿ, ತಾರೀಖೂ ಮೊತ್ತವೂ ತಾಳೆಯಾಗಲಿ.

ಪಹಣಿ ಕನ್ನಡದಲ್ಲಿರುತ್ತದೆ. ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಮಾಡಿಸಿ. ತಂದೆಯವರ ಹೆಸರಿನಲ್ಲಿದ್ದರೆ ನಾಡಕಚೇರಿಯಿಂದ ವಂಶವೃಕ್ಷ ಪಡೆದು ಜೊತೆಗಿಡಿ. ತೋಟದ ಉಸ್ತುವಾರಿ ಮಗನದು, ಪ್ರವಾಸಕ್ಕೆ ನನ್ನ ಒಪ್ಪಿಗೆ ಇದೆ ಎಂದು ತಂದೆಯವರಿಂದ ಒಂದು ಪತ್ರವನ್ನೂ ಬರೆಸಿ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂಬುದನ್ನು ನಿಮ್ಮ ಪರಿಚಯ ಪತ್ರದಲ್ಲಿ ಒಂದು ಸಾಲಿನಲ್ಲಿ ತಿಳಿಸಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಲಗತ್ತಿಸಿ. ಇಷ್ಟಿದ್ದರೆ ರಿಟರ್ನ್ಸ್ ಇಲ್ಲದ್ದು ದೊಡ್ಡ ಕೊರತೆಯಾಗಿ ಕಾಣದು. ಇನ್ನು ಮುಂದೆ ಕೃಷಿ ಆದಾಯವನ್ನೇ ತೋರಿಸಿ ರಿಟರ್ನ್ಸ್ ಸಲ್ಲಿಸುತ್ತಾ ಬಂದರೆ ಮುಂದಿನ ಪ್ರವಾಸಕ್ಕೆ ಒಳ್ಳೆಯದು.

ಎಷ್ಟು ಹಣ ಸಾಕು ಎಂದು ಎಲ್ಲರೂ ಕೇಳುತ್ತಾರೆ. ಸ್ವಿಟ್ಜರ್ಲೆಂಡ್ ತಲಾ ದಿನಕ್ಕೆ ಸುಮಾರು 100 ಸ್ವಿಸ್ ಫ್ರಾಂಕ್ ಎಂಬ ಅಳತೆ ಇಟ್ಟುಕೊಂಡಿದೆ. ಅದಕ್ಕಿಂತ ಸ್ವಲ್ಪ ಹೆಚ್ಚಿರಲಿ. ಪ್ರವಾಸ ಮುಗಿಸಿ ಬಂದ ಮೇಲೂ ಖಾತೆ ಬರಿದಾಗದಷ್ಟು ಇರಬೇಕು.

ಎರಡೂ ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು. ಆದರೆ ಯಾವ ದೇಶಕ್ಕೆ ಅರ್ಜಿ ಹಾಕಬೇಕು ಎಂಬುದು ಸ್ಲಾಟ್ ಎಲ್ಲಿ ಬೇಗ ಸಿಗುತ್ತದೆ ಎಂಬುದರ ಮೇಲೆ ತೀರ್ಮಾನವಾಗಬಾರದು. ಹೆಚ್ಚು ರಾತ್ರಿ ಉಳಿಯುವ ದೇಶಕ್ಕೇ ಅರ್ಜಿ. ಎರಡೂ ಕಡೆ ಸಮಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಪ್ಯಾರಿಸ್ ಹೆಸರಿನಲ್ಲಿ ವೀಸಾ ತೆಗೆದುಕೊಂಡು ಇಡೀ ವಾರ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್‌ನಲ್ಲಿ ಕಳೆಯುವ ಯೋಜನೆ ಗಡಿಯಲ್ಲಿ ಪ್ರಶ್ನೆಗೆ ಗುರಿಯಾಗಬಹುದು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ 15 ದಿನ ಮುಂಚಿನವರೆಗೆ ಸಲ್ಲಿಸಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ಮೇ ತಿಂಗಳಲ್ಲಿ ಹೊರಡುವವರು ಜನವರಿ, ಫೆಬ್ರವರಿಯಲ್ಲೇ ಸ್ಲಾಟ್ ಹಿಡಿಯುವುದು ಕ್ಷೇಮ. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ.

ಪ್ರಶ್ನೆ: ಏಜೆಂಟರೊಬ್ಬರು ನನ್ನ ಖಾತೆಗೆ ಐದು ಲಕ್ಷ ಹಾಕಿ, ವೀಸಾ ಬಂದ ಮೇಲೆ ವಾಪಸ್ ತೆಗೆದುಕೊಳ್ಳುತ್ತಾರಂತೆ. ಬ್ಯಾಂಕ್ ಸ್ಟೇಟ್‌ಮೆಂಟನ್ನೂ ‘ಸರಿ ಮಾಡಿ’ ಕೊಡುತ್ತಾರಂತೆ. ಹೋದ ವರ್ಷ ಷೆಂಗೆನ್ ನಿರಾಕರಣೆ ಆಗಿದ್ದನ್ನು ಬ್ರಿಟನ್ ಅರ್ಜಿಯಲ್ಲಿ ಬರೆಯುವುದು ಬೇಡ ಎನ್ನುತ್ತಾರೆ. ಹೀಗೆ ಮಾಡಬಹುದೆ?
— ಓದುಗರು, ದಾವಣಗೆರೆ

ಉತ್ತರ: ತಮ್ಮಾ, ದಯವಿಟ್ಟು ಅವರ ಸಹವಾಸ ಬಿಡು. ನಿನ್ನಂಥವರು ಇಂಥವರ ಮಾತು ಕೇಳಿ ಬಾಗಿಲು ಮುಚ್ಚಿಸಿಕೊಳ್ಳುವುದನ್ನು ನೋಡಿದಾಗ ಸಂಕಟವಾಗುತ್ತದೆ. ನಿರಾಕರಣೆ ಆದರೆ ಮತ್ತೆ ಅರ್ಜಿ ಹಾಕಬಹುದು. ವಂಚನೆ ಎಂದು ದಾಖಲಾದರೆ ಅದೇ ಬೇರೆ ಕಥೆ: ಬ್ರಿಟನ್ ಹತ್ತು ವರ್ಷದವರೆಗೆ ಅರ್ಜಿ ತಿರಸ್ಕರಿಸಬಹುದು, ಅಮೆರಿಕದ ಕಾನೂನಿನಲ್ಲಿ ಅದು ಜೀವಮಾನದ ಅನರ್ಹತೆ. ಅರ್ಜಿಗೆ ಸಹಿ ನಿನ್ನದು. ಹಾಗಾಗಿ ‘ಏಜೆಂಟ್ ಮಾಡಿದ್ದು’ ಎಂಬ ಸಬೂಬು ನಡೆಯುವುದಿಲ್ಲ.

ಷೆಂಗೆನ್ ಅರ್ಜಿಯ ವಿವರ, ಬೆರಳಚ್ಚು ಯುರೋಪಿನ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಐದು ವರ್ಷ ಉಳಿಯುತ್ತದೆ. ಬ್ರಿಟನ್ ಅರ್ಜಿಯಲ್ಲಿ ನಿರಾಕರಣೆಯ ಬಗ್ಗೆ ನೇರವಾಗಿಯೇ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಬರೆ. ಷೆಂಗೆನ್ ನಿರಾಕರಣೆಯ ಜೊತೆ ಕಾರಣಗಳಿಗೆ ಗುರುತು ಹಾಕಿದ ಒಂದು ಹಾಳೆ ಕೊಟ್ಟಿರುತ್ತಾರೆ: ಪ್ರವಾಸದ ಉದ್ದೇಶ ಸ್ಪಷ್ಟವಿಲ್ಲ, ಹಣ ಸಾಲದು, ಮರಳುವ ಇರಾದೆಯ ಬಗ್ಗೆ ಅನುಮಾನ, ಹೀಗೆ. ಯಾವುದಕ್ಕೆ ಗುರುತು ಬಿದ್ದಿದೆ ನೋಡಿ, ಅದನ್ನು ಈಗ ಹೇಗೆ ಸರಿಪಡಿಸಿಕೊಂಡಿದ್ದೀಯ ಎಂದು ಬ್ರಿಟನ್ ಅರ್ಜಿಯ ಪತ್ರದಲ್ಲಿ ವಿವರಿಸು. ಹಣ ನಿಜವಾಗಿಯೂ ಇಲ್ಲವೆಂದರೆ ಒಂದು ವರ್ಷ ಕೂಡಿಟ್ಟು ಹೋಗು. ಲಂಡನ್ ಎಲ್ಲಿಗೂ ಓಡಿಹೋಗುವುದಿಲ್ಲ.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಒಂದೇ ಹೆಸರಿದೆ. ಶಾಲೆಯ ದಾಖಲೆಗಳಲ್ಲಿ ಇನಿಷಿಯಲ್ ಇದೆ. ವೀಸಾಕ್ಕೆ ತೊಂದರೆಯಾಗುತ್ತದೆಯೆ?
— ಓದುಗರು, ಮಂಡ್ಯ

ಉತ್ತರ: ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿರುವ ನಮ್ಮ ಕಡೆಯವರಿಗೆ ಇದು ತೀರಾ ಸಾಮಾನ್ಯ. ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಇನ್ನೊಂದು ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿಯದು) ಎಂದು ಮುದ್ರಿಸುತ್ತಾರೆ. ವೀಸಾ ಸಿಗುತ್ತದೆ. ಆದರೆ ವಿಮಾನದ ಟಿಕೆಟ್, ಹೋಟೆಲ್ ಎಲ್ಲ ಕಡೆ ಗೊಂದಲ ಹಿಂಬಾಲಿಸುತ್ತದೆ. ಯುಎಇ 2022ರ ನವೆಂಬರಿನಲ್ಲಿ ಒಂದೇ ಹೆಸರಿನ ಪ್ರವಾಸಿಗರಿಗೆ ಪ್ರವೇಶವಿಲ್ಲ ಎಂದು ನಿಯಮ ತಂದು, ಆಮೇಲೆ ಸ್ವಲ್ಪ ಸಡಿಲಿಸಿತು. ಪ್ರವಾಸಕ್ಕೆ ಸಮಯ ಇದ್ದರೆ ಹೆಸರು ಬಿಡಿಸಿ ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ. ವೀಸಾ ಅರ್ಜಿಯನ್ನು ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆಯೇ ಶುರು ಮಾಡಿ.

ಪ್ರಶ್ನೆ: ತಂದೆಯವರಿಗೆ 81 ವರ್ಷ. ಅಮೆರಿಕದಲ್ಲಿರುವ ತಮ್ಮನ ಮನೆಗೆ ಹೋಗಬೇಕಿದೆ. ಈ ವಯಸ್ಸಿನವರಿಗೆ ಸಂದರ್ಶನವಿಲ್ಲ ಎಂದು ಕೇಳಿದ್ದೆವು, ಈಗ ಬರಬೇಕು ಎನ್ನುತ್ತಿದ್ದಾರೆ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದು, ಕಿವಿಯೂ ಮಂದ. ನಾನು ಜೊತೆಗೆ ಒಳಗೆ ಹೋಗಬಹುದೆ? ಬೆಂಗಳೂರಿನಲ್ಲೇ ಮುಗಿಸಲು ಆಗುವುದಿಲ್ಲವೆ?
— ಓದುಗರು, ಬಾಗಲಕೋಟೆ

ಉತ್ತರ: ನೀವು ಕೇಳಿದ್ದು ಹಳೆಯ ನಿಯಮ. 79 ದಾಟಿದವರಿಗೆ, 14ರೊಳಗಿನ ಮಕ್ಕಳಿಗೆ ಇದ್ದ ವಿನಾಯಿತಿ 2025ರ ಸೆಪ್ಟೆಂಬರ್ 2ರಿಂದ ಹೋಯಿತು. ಈಗ ಹೊಸದಾಗಿ ವೀಸಾ ಕೇಳುವ ಹಿರಿಯರೂ ಕೌಂಟರಿಗೆ ಬರಬೇಕು. ಇಷ್ಟು ವಯಸ್ಸಾದವರನ್ನು ಬಾಗಲಕೋಟೆಯಿಂದ ಚೆನ್ನೈವರೆಗೆ ಅಲೆಸುವ ಈ ಬದಲಾವಣೆ ನನಗೆ ಸರಿ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದರೂ ಅದರ ಜೊತೆಗೇ ವೀಸಾ ಸಂದರ್ಶನಗಳು ಶುರುವಾಗಲಿಲ್ಲ. ಬೆರಳಚ್ಚು ಮತ್ತು ಫೋಟೋವನ್ನು ಬೆಂಗಳೂರಿನ ಅರ್ಜಿ ಕೇಂದ್ರದಲ್ಲೇ ಕೊಟ್ಟು ಹೋಗಬಹುದು, ಚೆನ್ನೈಯಲ್ಲಿ ಒಂದು ಅಲೆದಾಟ ತಪ್ಪುತ್ತದೆ. ಸಂದರ್ಶನಕ್ಕೆ ಹೈದರಾಬಾದನ್ನೂ ಆಯ್ದುಕೊಳ್ಳಬಹುದು. ನಿಮ್ಮ ಕಡೆಯಿಂದ ಅದು ಹತ್ತಿರವೂ ಹೌದು, ಅಲ್ಲಿನ ಸ್ಲಾಟುಗಳನ್ನೂ ನೋಡಿ.

ಸಾಮಾನ್ಯವಾಗಿ ಅರ್ಜಿದಾರರನ್ನು ಮಾತ್ರ ಒಳಗೆ ಬಿಡುತ್ತಾರೆ. ಕಿವಿಯ ತೊಂದರೆ, ವಯಸ್ಸು ಎರಡನ್ನೂ ತಿಳಿಸಿ, ನೆರವಿಗೆ ಒಬ್ಬರನ್ನು ಬಿಡಬಹುದೇ ಎಂದು ಕಾನ್ಸುಲೇಟಿಗೆ ಮುಂಚೆಯೇ ಇಮೇಲ್ ಮಾಡಿ. ಉತ್ತರ ಬಂದರೆ ಅದರ ಪ್ರಿಂಟ್ ಅಪ್ಪಾಜಿಯವರ ಕೈಯಲ್ಲಿರಲಿ. ಕನ್ನಡದಲ್ಲಿ ಮಾತಾಡಲು ಸಹಾಯ ಬೇಕೆಂದೂ ಅದೇ ಇಮೇಲಿನಲ್ಲಿ ಕೇಳಿ. ಕಿವಿಯ ಮಷಿನ್ ಇದ್ದರೆ ಹಿಂದಿನ ದಿನವೇ ಹೊಸ ಬ್ಯಾಟರಿ ಹಾಕಿಸಿ. ಮೊಬೈಲ್, ಬ್ಯಾಗು ಒಳಗೆ ಬಿಡುವುದಿಲ್ಲ. ಹಾಗಾಗಿ ಅವರು ಹೊರಬಂದ ಮೇಲೆ ಎಲ್ಲಿ ಸಿಗಬೇಕೆಂದು ಮೊದಲೇ ಜಾಗ ಗೊತ್ತುಮಾಡಿಕೊಳ್ಳಿ, ನಿಮ್ಮ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಜೇಬಿನಲ್ಲಿಡಿ.