ಕೆಚ್ಚಲು ಬಾವು ದೃಷ್ಟಿಯಿಂದ ಬರುವುದಲ್ಲ

ಕರೆಯಲು ಕುಳಿತರೆ ಹಸು ಒದೆಯುತ್ತದೆ. ಮುಟ್ಟಿ ನೋಡಿದರೆ ಕೆಚ್ಚಲು ಬಿಸಿ, ಕಲ್ಲಿನಂತೆ ಗಟ್ಟಿ. ಹಿಂಡಿದರೆ ಹಾಲಿನೊಡನೆ ಹೆಪ್ಪಿನಂಥ ಗಡ್ಡೆಗಳು ಬೀಳುತ್ತವೆ. ಆಗ ಮನೆಯಲ್ಲಿ ಏಳುವ ಮೊದಲನೆಯ ಮಾತು, "ಯಾರದೋ ದೃಷ್ಟಿ ತಾಕಿತು" ಎಂಬುದು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಡಾಕ್ಟರಿಗೆ ಮಾರನೆಯ ದಿನ ಹೇಳಿ ಕಳುಹಿಸುತ್ತಾರೆ. ನಿವಾಳಿಸಿದ್ದರಿಂದ ಹಸುವಿಗೆ ಕೇಡೇನೂ ಇಲ್ಲ. ಕೇಡಿರುವುದು ನಡುವೆ ಕಳೆದುಹೋದ ಆ ಒಂದು ದಿನದಲ್ಲಿ.

ಹೊಸೂರು, ಡೆಂಕಣಿಕೋಟೆ ಕಡೆಯ ನಮ್ಮ ಹಿರಿಯರು ಕಟ್ಟುತ್ತಿದ್ದುದು ಹಳ್ಳಿಕಾರ್ ಮತ್ತು ಆಲಂಬಾಡಿ ದನಗಳನ್ನು. ಅವು ಉಳುಮೆಗೂ ಗಾಡಿಗೂ ಹೆಸರಾದ ಜಾತಿಗಳು. ಹಾಲೆಂಬುದು ಕರುವಿನ ಪಾಲು; ಮಿಕ್ಕರೆ ಮನೆಯ ಮಜ್ಜಿಗೆಗೆ. ಕೆಚ್ಚಲು ಚಿಕ್ಕದು, ಹೊಟ್ಟೆಗೆ ಅಂಟಿಕೊಂಡಂತೆ ಇರುವುದು, ನೆಲದ ಕೊಳೆಗೆ ದೂರ. ಇಂದು ಅದೇ ಕೊಟ್ಟಿಗೆಯಲ್ಲಿ ಸೀಮೆಹಸು ನಿಂತಿದೆ. ಅದರ ಕೆಚ್ಚಲು ಭಾರ, ಜೋಲು. ಮಲಗಿದರೆ ಗಂಜಲ ಸೆಗಣಿಯ ಮೇಲೆಯೇ ಹರಡುತ್ತದೆ. ಹಸು ಬದಲಾಯಿತು, ಕೆಚ್ಚಲಿನ ವಿಷಯದಲ್ಲಿ ನಮ್ಮ ಎಣಿಕೆ ಮಾತ್ರ ಅಜ್ಜನ ಕಾಲದ್ದೇ ಆಗಿ ಉಳಿಯಿತು.

ಈ ರೋಗವನ್ನು ತರುವ ಕ್ರಿಮಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಟೆಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್ ಗುಂಪಿನ ಕೆಲವು ಕ್ರಿಮಿಗಳು ರೋಗದ ಕೆಚ್ಚಲಲ್ಲೇ ನೆಲೆಸಿ, ಕರೆಯುವವರ ಕೈಯಿಂದ, ಒರೆಸುವ ಬಟ್ಟೆಯಿಂದ ಇನ್ನೊಂದು ಹಸುವಿಗೆ ದಾಟುತ್ತವೆ. ಇ. ಕೋಲಿಯಂಥವು ಸೆಗಣಿಯಲ್ಲಿ, ಹಸಿ ನೆಲದಲ್ಲಿ ಇರುತ್ತವೆ. ಎರಡಕ್ಕೂ ಬಾಗಿಲು ಒಂದೇ, ಮೊಲೆಯ ತುದಿಯ ರಂಧ್ರ. ಹಾಲು ಕರೆದ ಮೇಲೆ ಈ ರಂಧ್ರ ಬಿಗಿಯಾಗಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆ ಹೊತ್ತಿನಲ್ಲಿ ಹಸು ಮಲಗಬಾರದು. ಆದುದರಿಂದ ಕರೆದಾದ ಕೂಡಲೆ ಮುಂದೆ ಹಸಿಹುಲ್ಲು ಹಾಕಿರಿ, ತಿನ್ನುತ್ತಾ ನಿಂತಿರುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ.

ಗಡ್ಡೆ ಕಂಡಾಗಲೇ ರೋಗ ಎಂಬುದು ಎರಡನೆಯ ತಪ್ಪು ಎಣಿಕೆ. ಕೆಚ್ಚಲು ಮೆತ್ತಗಿದೆ, ಹಾಲು ಬೆಳ್ಳಗಿದೆ, ಹಸು ಮೇಯುತ್ತಿದೆ. ಆದರೂ ಒಳಗೆ ಬಾವು ಇರಬಹುದು. ಎದ್ದು ಕಾಣುವ ಬಾವಿಗಿಂತ ಈ ಅಡಗಿದ ಬಾವೇ ಹೆಚ್ಚು. ಇದರಿಂದ ಹಾಲು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಹಾಲಿನ ಸಕ್ಕರೆ ಮತ್ತು ಕೇಸೀನ್ ಕಡಿಮೆಯಾಗಿ, ಉಪ್ಪಿನಂಶ ಏರುತ್ತದೆ. ಸಂಘದಲ್ಲಿ ಎಸ್.ಎನ್.ಎಫ್. ಕಡಿಮೆ ಬಂದರೆ ಯಂತ್ರದ ಮೇಲೂ ಕಾರ್ಯದರ್ಶಿಯ ಮೇಲೂ ಸಂದೇಹಪಡುವವರು, ಒಮ್ಮೆ ತಮ್ಮ ಹಸುವಿನ ಕೆಚ್ಚಲನ್ನೂ ಸಂದೇಹಿಸಬೇಕು.

ಪರೀಕ್ಷೆ ಸುಲಭ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1957ರಲ್ಲಿ ಹೊರತಂದ ಒಂದು ಕ್ರಮ ಇಂದಿಗೂ ಎಲ್ಲ ಕಡೆ ಬಳಕೆಯಲ್ಲಿದೆ. ಅದರ ಮನೆಯ ರೂಪ ಹೀಗೆ: ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಒಗೆಯುವ ಪುಡಿ ಕದಡಿರಿ. ಮೊದಲ ಧಾರೆಗಳನ್ನು ಬಿಟ್ಟು, ನಾಲ್ಕು ಮೊಲೆಗಳ ಹಾಲನ್ನು ನಾಲ್ಕು ತಟ್ಟೆಗಳಲ್ಲಿ ಬೇರೆ ಬೇರೆಯಾಗಿ ಎರಡು ಚಮಚೆಯಷ್ಟು ಹಿಡಿದು, ಅಷ್ಟೇ ಪುಡಿನೀರು ಹಾಕಿ ಮೆಲ್ಲನೆ ತಿರುಗಿಸಿರಿ. ಒಳ್ಳೆಯ ಹಾಲು ನೀರಾಗಿಯೇ ಇರುತ್ತದೆ. ಬಾವಿದ್ದ ಮೊಲೆಯ ಹಾಲು ಲೋಳೆಯಾಗುತ್ತದೆ, ಬಾವು ಬಲವಾಗಿದ್ದರೆ ಗಂಜಿಯಂತೆ ಗಟ್ಟಿಯಾಗುತ್ತದೆ. ಬಾವಿನ ಹಾಲಿನಲ್ಲಿ ಬಿಳಿ ರಕ್ತಕಣಗಳು ಸೇರಿರುತ್ತವೆ. ಸಾಬೂನು ಅವುಗಳನ್ನು ಒಡೆಯುವುದರಿಂದ ಹೀಗಾಗುತ್ತದೆ. ತಿಂಗಳಿಗೊಮ್ಮೆ ಮಾಡಿದರೆ ಸಾಕು. ಕರು ಹಾಕಿದ ಮೊದಲ ವಾರದಲ್ಲೂ ಬತ್ತುವ ಕಾಲದಲ್ಲೂ ಈ ಪರೀಕ್ಷೆಯನ್ನು ನಂಬಬಾರದು. ತಟ್ಟೆಯ ಹಾಲನ್ನು ಗುಂಡಿಗೆ ಚೆಲ್ಲಿರಿ, ನಾಯಿಗೂ ಬೇಡ.

ಇನ್ನು ದಿನನಿತ್ಯ, ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಬಟ್ಟಲಿಗೆ ಹಿಂಡಿ ನೋಡಬೇಕು. ಗಡ್ಡೆ ಅದರ ಮೇಲೆ ಎದ್ದು ಕಾಣುತ್ತದೆ. ಆ ಧಾರೆಯನ್ನು ನೆಲಕ್ಕೆ ಹಿಂಡುವುದೆಂದರೆ ಹಸು ಮಲಗುವ ಜಾಗಕ್ಕೆ ಕ್ರಿಮಿಯನ್ನು ಬಿತ್ತಿದಂತೆ.

"ತೊಂದರೆಯ ಹಸುವನ್ನು ಮೊದಲು ಮುಗಿಸೋಣ" ಎಂದು ಅದನ್ನೇ ಮೊದಲು ಕರೆಯುವ ವಾಡಿಕೆ ಹಲವು ಮನೆಗಳಲ್ಲಿದೆ. ಇದು ತಲೆಕೆಳಗು. ಆರೋಗ್ಯದ ಹಸು ಮೊದಲು, ರೋಗದ ಹಸು ಕೊನೆಗೆ. ಹೆಬ್ಬೆರಳು ಮಡಿಸಿ ಒತ್ತಿ ಎಳೆದರೆ ಮೊಲೆಯ ಒಳಪದರ ಗಾಯವಾಗುತ್ತದೆ. ಇಡೀ ಮುಷ್ಟಿಯಲ್ಲಿ ಹಿಡಿದು ಕರೆಯಬೇಕು. ಕರೆದ ಮೇಲೆ, ಮೊಲೆ ಅದ್ದುವುದಕ್ಕೆಂದೇ ಮಾರುವ ಅಯೋಡಿನ್ ದ್ರಾವಣದಲ್ಲಿ ನಾಲ್ಕನ್ನೂ ಅದ್ದಿ ಬಿಡಿರಿ. ಕೈಯಿಂದ ದಾಟುವ ಸೋಂಕಿಗೆ ಇದು ಒಳ್ಳೆಯ ತಡೆ.

ಮದ್ದಿನ ವಿಷಯ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಈಚೆಗೆ ಒಂದು ನಾಟಿ ಲೇಪವನ್ನು ರೈತರಿಗೆ ಹೇಳಿಕೊಡುತ್ತಿದೆ: ಲೋಳೆಸರ 250 ಗ್ರಾಂ, ಅರಿಶಿನಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು, ನೀರು ಬೆರೆಸಿ ತೆಳ್ಳಗೆ ಮಾಡಿ, ತೊಳೆದ ಕೆಚ್ಚಲಿಗೆ ದಿನಕ್ಕೆ ಎಂಟು ಹತ್ತು ಸಲದಂತೆ ಐದು ದಿನ ಹಚ್ಚುವುದು. ಬಾವಿನ ಮೊದಲಲ್ಲೇ ಹಚ್ಚತಕ್ಕ ಮದ್ದು ಇದು. ಜ್ವರವಿದ್ದರೆ, ಹಸು ಮೇವು ಬಿಟ್ಟರೆ, ಹಾಲು ನೀರಿನಂತೆ ಅಥವಾ ರಕ್ತ ಬೆರೆತು ಬಂದರೆ ಲೇಪವನ್ನು ನಂಬಿ ಕೂರಬೇಡಿರಿ. ಅಂಥ ಬಾವು ಒಂದೆರಡು ದಿನದಲ್ಲಿ ಹಸುವನ್ನೇ ಕೊಲ್ಲಬಲ್ಲದು. ಡಾಕ್ಟರು ಅಂದೇ ಬರಬೇಕು.

ಡಾಕ್ಟರು ಐದು ದಿನವೆಂದರೆ ಐದು ದಿನ. ಎರಡನೆಯ ದಿನ ಊತ ಇಳಿಯಿತೆಂದು ಮದ್ದು ನಿಲ್ಲಿಸಿದರೆ, ಉಳಿದ ಕ್ರಿಮಿ ಒಳಗೇ ಮನೆ ಕಟ್ಟುತ್ತದೆ, ಮುಂದಿನ ಸಲ ಅದೇ ಮದ್ದಿಗೆ ಬಗ್ಗುವುದಿಲ್ಲ. "ಒಂದು ಮೊಲೆ ಹೋದರೇನು, ಮೂರಿವೆಯಲ್ಲ" ಎನ್ನುವವರು, ಆ ಒಂದರಿಂದ ಮೂರಕ್ಕೂ ಹಾದಿ ಇದೆಯೆಂಬುದನ್ನು ಎಣಿಸುವುದಿಲ್ಲ. ಮದ್ದು ನಡೆಯುವಾಗಲೂ, ಅದು ಮುಗಿದ ಮೇಲೆ ಚೀಟಿಯಲ್ಲಿ ಹೇಳಿದಷ್ಟು ದಿನವೂ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬಾರದು. ಮದ್ದು ಬೆರೆತ ಹಾಲು ಸರಿಯಾಗಿ ಹೆಪ್ಪಾಗುವುದಿಲ್ಲ; ಕುಡಿಯುವ ಮಗುವಿಗೂ ಅದು ಒಳ್ಳೆಯದಲ್ಲ. ಒಂದು ಮೊಲೆಗೆ ಮಾತ್ರ ಮದ್ದು ಏರಿಸಿದ್ದರೂ ನಾಲ್ಕರ ಹಾಲನ್ನೂ ಬಿಡಬೇಕು.

ಕಡೆಯದಾಗಿ ಬತ್ತಿಸುವ ಕಾಲ. ಈಯುವುದಕ್ಕೆ ಎರಡು ತಿಂಗಳಿರುವಾಗ ಕರೆಯುವುದನ್ನು ನಿಲ್ಲಿಸತಕ್ಕದ್ದು. ಹಿಂಡಿ ಕಡಿಮೆ ಮಾಡಿ ಹಾಲಿಳಿಸಿ, ಕೊನೆಯ ದಿನ ಪೂರ್ತಿ ಕರೆದು, ಡಾಕ್ಟರು ಹೇಳಿದರೆ ಬತ್ತಿಸುವ ಕಾಲದ ಮದ್ದಿನ ಕೊಳವೆಯನ್ನು ನಾಲ್ಕು ಮೊಲೆಗಳಿಗೂ ಏರಿಸಬೇಕು. ಹಳೆಯ ಬಾವು ವಾಸಿಯಾಗಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಕರೆಯುವುದು ನಿಂತಿತೆಂದು ಆ ಹಸುವನ್ನು ಕೊಟ್ಟಿಗೆಯ ಹಸಿ ಮೂಲೆಗೆ ತಳ್ಳಬೇಡಿರಿ. ಒಣ ನೆಲ ಬೇಕಾದುದು ಅದಕ್ಕೇ ಮೊದಲು, ಮುಖ್ಯವಾಗಿ ಬತ್ತಿಸಿದ ಮೊದಲ ಎರಡು ವಾರ ಮತ್ತು ಈಯುವುದಕ್ಕೆ ಮುಂಚಿನ ಎರಡು ವಾರ.